ಬುದ್ಧಿ ನೆಟ್ಟಗಿದ್ದ ದಿನ

ಆರ್ಲೀನ್ ಟ್ಯಾಕೆಟ್‌ಗೆ ತಲೆ ಕೆಟ್ಟಿತ್ತು ಎಂದು ಕೋರ್ಟಿನಲ್ಲೇ ಸಾಬೀತು ಮಾಡುತ್ತಾರಂತೆ ಎಂಬ ಸುದ್ದಿ ಹ್ಯಾಡ್ಲಿ ಕೌಂಟಿಯಲ್ಲಿ ಹರಡಿದ್ದೇ ತಡ, ಸೋಮವಾರ ಬೆಳಿಗ್ಗೆ ಕೋರ್ಟಿನ ಬೆಂಚುಗಳೆಲ್ಲ ತುಂಬಿದವು. ಹಾಗೆ ಸಾಬೀತು ಮಾಡಲು ಹೊರಟವನು ಎದುರಾಳಿಯ ವಕೀಲನಲ್ಲ, ಆಕೆಯ ವಕೀಲನೇ.

ಜನರ ಕುತೂಹಲಕ್ಕೆ ಕಾರಣವಿತ್ತು. ಅಮೆರಿಕದ ಕೆಂಟಕಿ ರಾಜ್ಯದ ಆ ಗುಡ್ಡಗಾಡಿನಲ್ಲಿ ಆರ್ಲೀನ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಾಹನ ಚಾಲನಾ ಪರೀಕ್ಷಕಿಯಾಗಿದ್ದಳು. ಆಕೆ ಫೇಲು ಮಾಡದ ಒಬ್ಬರಾದರೂ ಇಲ್ಲದ ಮನೆ ಅಲ್ಲಿ ಸಿಗುವುದು ಕಷ್ಟ. ಬ್ಯಾಪ್ಟಿಸ್ಟ್ ಪಾದ್ರಿ ಸ್ಟಾಪ್ ಫಲಕದ ಮುಂದೆ ಗಾಡಿಯನ್ನು ಪೂರ್ತಿ ನಿಲ್ಲಿಸಲಿಲ್ಲವೆಂದು ಫೇಲಾಗಿದ್ದ. ಪೊಲೀಸ್ ಮುಖ್ಯಸ್ಥ ಶೆರಿಫ್ ಹಿಂಬದಿಯ ಕನ್ನಡಿ ನೋಡಲಿಲ್ಲವೆಂದು ಫೇಲಾಗಿದ್ದ. ಈಗ ಪೀಠದ ಮೇಲೆ ಕುಳಿತಿದ್ದ ಜಡ್ಜ್ ಹೋಬರ್ಟ್ ಸೈಜ್‌ಮೋರ್ ಹದಿನಾರರ ವಯಸ್ಸಿನಲ್ಲಿ ಎರಡು ಕಾರುಗಳ ನಡುವೆ ಗಾಡಿ ನಿಲ್ಲಿಸಲಾಗದೆ ಎರಡು ಸಲ ಫೇಲಾಗಿದ್ದ. ಆಕೆ ಸ್ವಂತ ತಮ್ಮನನ್ನೂ ಬಿಟ್ಟಿರಲಿಲ್ಲ. ಅಂಥವಳನ್ನು ಕಾಯಿದೆಯೇ ಹುಚ್ಚಿ ಅನ್ನುತ್ತದೆಂದರೆ ತಮ್ಮ ಹಳೆಯ ಸೋಲುಗಳೆಲ್ಲ ತಾವಾಗಿಯೇ ರದ್ದಾಗುತ್ತವೆ ಎಂಬಂತೆ ಜನ ಹುಮ್ಮಸ್ಸಿನಿಂದ ಬಂದಿದ್ದರು.

ವಿಷಯ ಇಷ್ಟೇ. ಎರಡು ವರ್ಷದ ಹಿಂದೆ ಆರ್ಲೀನ್‌ಗೆ ನ್ಯುಮೋನಿಯಾ ಆಗಿ, ಆಸ್ಪತ್ರೆಯವರು ಆಕೆಯನ್ನು ಡವ್ ನಾಬ್ ವೃದ್ಧರ ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಕೌಂಟಿಯಲ್ಲಿ ಇದ್ದದ್ದೇ ಅದೊಂದು. ಅಲ್ಲಿ ಪ್ರತಿ ಮಂಚಕ್ಕೂ ಒಂದು ಕರೆಗಂಟೆ, ಉದ್ದನೆಯ ವೈರಿನ ತುದಿಗೆ ಗುಂಡಿ. ಆರ್ಲೀನ್ ಪದೇ ಪದೇ ಒತ್ತುತ್ತಾಳೆಂದು ಸೇರಿದ ದಿನವೇ ಆಕೆಯ ವೈರನ್ನು ಸುರುಳಿ ಸುತ್ತಿ ಗೋಡೆಯ ದೀಪದ ಮೇಲೆ ಹಾಕಿದರು. ಕೆಲವು ವಾರಗಳ ನಂತರ ಒಂದು ರಾತ್ರಿ ಬಚ್ಚಲಿಗೆ ಹೊರಟವಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಬೆಳಗಿನ ಪಾಳಿಯವರು ಬರುವತನಕ ನೆಲದ ಮೇಲೆ ಬಿದ್ದುಕೊಂಡು, ತಲೆಯ ಮೇಲೆ ತೂಗುತ್ತಿದ್ದ ಆ ಗುಂಡಿಯನ್ನೇ ನೋಡುತ್ತಿದ್ದಳು. ಈಗ ಅಣ್ಣನ ಮಗಳ ಮನೆಯಲ್ಲಿ ಗಾಲಿಕುರ್ಚಿಯೇ ಗತಿ.

ಆಕೆಯ ಪರವಾಗಿ ಡವ್ ನಾಬ್ ಮೇಲೆ ಮೊಕದ್ದಮೆ ಹೂಡಿದ ವಕೀಲ ರಾಂಡಲ್ ಕಾಂಬ್ಸ್. ಹೆದ್ದಾರಿ ಬದಿಯ ದೊಡ್ಡ ಫಲಕದಲ್ಲಿ ನೀಲಿ ಸೂಟು ತೊಟ್ಟು, ಯಾರೋ ಬಾಡಿಗೆಯ ಅಜ್ಜಿಯ ಕೈ ಹಿಡಿದು, 'ನಿಮ್ಮ ಅಮ್ಮನ ಪರವಾಗಿ ನಾನು ಮಾತಾಡುತ್ತೇನೆ' ಎಂದು ನಗುತ್ತಾನಲ್ಲ, ಅವನೇ. ಆದರೆ ಮಾತಾಡುವ ಮೊದಲೇ ಅಡ್ಡಿ ಬಂತು. ಸೇರಿದ ದಿನ ಆರ್ಲೀನ್ ಸಹಿ ಮಾಡಿದ ಕಾಗದಗಳಲ್ಲಿ ಒಂದು ಕರಾರು ಇತ್ತು. ತಕರಾರು ಏನೇ ಬಂದರೂ ಕೋರ್ಟಿಗೆ ಹೋಗುವಂತಿಲ್ಲ, ಲೆಕ್ಸಿಂಗ್ಟನ್ ನಗರದ ಮುಚ್ಚಿದ ಕೋಣೆಯಲ್ಲಿ ಒಬ್ಬ ಮಧ್ಯಸ್ಥ ತೀರ್ಮಾನಿಸುತ್ತಾನೆ, ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು.

ಅದನ್ನು ಮುರಿಯಲು ರಾಂಡಲ್‌ಗೆ ಹೊಳೆದದ್ದು ಒಂದೇ ದಾರಿ. ಸಹಿ ಮಾಡಿದ ದಿನ ಆಕೆಯ ಬುದ್ಧಿ ನೆಟ್ಟಗಿರಲಿಲ್ಲ ಅನ್ನುವುದು.

"ಮಿಸ್ ಆರ್ಲೀನ್, ನೀವು ಒಂದೇ ಮಾತು ಹೇಳಿ ಸಾಕು. ಆ ದಿನದ್ದು ನನಗೇನೂ ನೆನಪಿಲ್ಲ, ಅಷ್ಟೇ."

"ನೆನಪಿದೆಯಲ್ಲಪ್ಪ."

"ನೆನಪಿಲ್ಲ ಅಂತ ನೆನಪಿಟ್ಕೊಳ್ಳಿ."

"ಮುಂದೆ ವಿಚಾರಣೇಲಿ ಗಂಟೆ ವಿಷಯ ಕೇಳಿದ್ರೆ?"

"ಆಗ ನಿಮಗೆ ಎಲ್ಲಾ ನೆನಪಿರುತ್ತೆ."

ಡವ್ ನಾಬ್ ನಡೆಸುವ ಕಂಪನಿಯವರದೂ ಇದೇ ಆಟ, ತಿರುಗುಮುರುಗು ಅಷ್ಟೇ. ಮೊಕದ್ದಮೆಗೆ ಕೊಟ್ಟ ಉತ್ತರದಲ್ಲಿ, ಮುದುಕಿಗೆ ಮರೆವು, ಗಂಟೆಯ ಕಥೆ ಆಕೆಯ ಭ್ರಮೆ ಎಂದು ಬರೆದಿದ್ದರು. ಕರಾರು ಜಾರಿ ಮಾಡಿಸುವ ಅರ್ಜಿಯಲ್ಲಿ, ಈಕೆಯಷ್ಟು ಚುರುಕಿನ ಹೆಂಗಸು ಕೌಂಟಿಯಲ್ಲೇ ಇಲ್ಲ ಎಂದು ಬರೆದಿದ್ದರು. ಎರಡಕ್ಕೂ ಒಬ್ಬಳೇ ವಕೀಲೆಯ ರುಜು.

ಆರ್ಲೀನ್‌ಗೆ ಬೇಕಾಗಿದ್ದುದು ಪರಿಹಾರವಲ್ಲ. ಡವ್ ನಾಬ್‌ನಲ್ಲಿ ಆಕೆಯ ಪಕ್ಕದ ಮಂಚದವಳಾಗಿದ್ದ ಮೊಜೆಲ್ ಇನ್ನೂ ಅಲ್ಲೇ ಇದ್ದಳು. ಪಾರ್ಶ್ವವಾಯು ಹೊಡೆದು ಅವಳ ಮಾತು ಹೋಗಿತ್ತು. ಹೂವು ಕೊಡಲು ಹೋಗಿದ್ದ ಅಣ್ಣನ ಮಗಳು ಬಂದು, ಮೊಜೆಲ್‌ಳ ವೈರೂ ದೀಪದ ಮೇಲೆಯೇ ಇದೆ ಎಂದಿದ್ದಳು. ಆರ್ಲೀನ್ ಇದನ್ನು ಚರ್ಚಿನಲ್ಲಿ ಹೇಳಿದಳು, ಫೋನಿನಲ್ಲಿ ಹೇಳಿದಳು. ಪಾಪ, ವಯಸ್ಸಾಯಿತು ಎಂದರು ಜನ. ಡವ್ ನಾಬ್ ಸರಿಯಿಲ್ಲವೆಂದು ಒಪ್ಪಿಕೊಂಡರೆ ಅವರು ತಮ್ಮ ತಮ್ಮ ಅಮ್ಮನನ್ನು ಮನೆಗೆ ಕರೆತರಬೇಕಾಗುತ್ತದೆ. ಹಾಗಾಗಿ ಡವ್ ನಾಬ್ ಸರಿಯಾಗಿಯೇ ಇತ್ತು. ಬೈಬಲ್ ಮುಟ್ಟಿ ಎಲ್ಲರೆದುರು ಹೇಳಿದರೆ ಮಾತ್ರ ಕೇಳಿಯಾರು ಎಂದು ಆಕೆಗೆ ಅನ್ನಿಸಿತ್ತು. ಮುಚ್ಚಿದ ಕೋಣೆಯಲ್ಲಿ ಹೇಳಿದರೆ ಮೊಜೆಲ್‌ಗೆ ಏನು ಬಂತು? ಅದಕ್ಕಾಗಿ ಒಂದು ದಿನದ ಮಟ್ಟಿಗೆ ಹುಚ್ಚಿಯಾಗಲು ಆಕೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದಳು.

ರಾಂಡಲ್ ಅಂದು ಬಹಳ ಚೆನ್ನಾಗಿ ವಾದಿಸಿದ. ಜ್ವರ, ಮಾತ್ರೆ, ರಕ್ತದಲ್ಲಿ ಆಮ್ಲಜನಕದ ಕೊರತೆ ಎಲ್ಲವನ್ನೂ ಬಿಡಿಸಿಟ್ಟ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ರೋಗಿಗೆ ಸೀಟ್‌ಬೆಲ್ಟ್ ಹಾಕಿಕೋ ಎಂದು ಈಕೆ ಗದರಿಸಿದ್ದಳು ಎಂದಾಗ ಕೋರ್ಟಿಗೆ ಕೋರ್ಟೇ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಕೆಲಸದಲ್ಲಿದ್ದಾಗ್ಲೇ ಹಿಂಗಿದ್ಲು ಬಿಡಿ," ಎಂದರು. ಜಡ್ಜ್ ಕೆಮ್ಮುವವನಂತೆ ಬಾಯಿಗೆ ಕೈ ಹಿಡಿದ. ಸಾಕ್ಷಿಯ ಜಾಗದಲ್ಲಿ ಆರ್ಲೀನ್‌ಳ ಕಿವಿ ಬಿಸಿಯಾಯಿತು. ಅವಳು ಫೇಲು ಮಾಡಿದವರು ಯಾರೂ ಇಷ್ಟು ಜನರ ಮುಂದೆ ಫೇಲಾಗಿರಲಿಲ್ಲ.

ಆಮೇಲೆ ಕಂಪನಿಯ ವಕೀಲೆ ಎದ್ದಳು. ಲೆಕ್ಸಿಂಗ್ಟನ್ನಿನಿಂದ ಬಂದ ಮಿಸ್ ವೈಥ್, ಬೆಣ್ಣೆಯಂಥ ಮಾತಿನವಳು.

"ಮಿಸ್ ಟ್ಯಾಕೆಟ್, ನಿಮ್ಮ ಬಗ್ಗೆ ಇಂಥಾ ಮಾತು ಕೇಳಿ ನನಗೇ ಬೇಜಾರಾಯ್ತು. ನಿಮಗೆ ಆ ದಿನ ನೆನಪಿದೆ ಅಲ್ವಾ?"

ಆರ್ಲೀನ್ ರಾಂಡಲ್‌ನತ್ತ ನೋಡಿದಳು. ಅವನು ಬೇಡವೆಂದು ಕಣ್ಣಲ್ಲೇ ಬೇಡಿಕೊಂಡ. ತುಂಬಿದ ಬೆಂಚುಗಳತ್ತ ನೋಡಿದಳು. ಕೌಂಟಿಯ ಇಷ್ಟೊಂದು ಜನ ತನ್ನ ಮಾತಿಗೆ ಕಿವಿಗೊಟ್ಟು ಕುಳಿತದ್ದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ, ಮುಂದೆ ಕಾಣುವುದೂ ಅನುಮಾನವಾಗಿತ್ತು.

"ಇದೆ. ಎಲ್ಲಾ ನೆನಪಿದೆ."

ರಾಂಡಲ್ ಪೆನ್ನಿನ ಮುಚ್ಚಳ ಹಾಕಿದ. ಮಿಸ್ ವೈಥ್ ಗೆದ್ದಾಗಿತ್ತು, ಅಲ್ಲಿಗೇ ಕೂರಬೇಕಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದೆಂದು ಕಾನೂನು ಕಾಲೇಜಿನಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಆದರೆ ಖುಷಿ ಕಾಲೇಜನ್ನು ಮರೆಸಿತು.

"ಸ್ವಲ್ಪ ವಿವರವಾಗಿ ಹೇಳಿ. ನಿಮ್ಮ ಜ್ಞಾಪಕಶಕ್ತಿ ಎಂಥದ್ದು ಅಂತ ನ್ಯಾಯಾಲಯಕ್ಕೂ ಗೊತ್ತಾಗ್ಲಿ."

ಆರ್ಲೀನ್ ಶುರು ಮಾಡಿದಳು. ಆಂಬುಲೆನ್ಸ್‌ನವನು ಡವ್ ನಾಬ್ ತಿರುವಿನಲ್ಲಿ ಸಿಗ್ನಲ್ ಹಾಕಲಿಲ್ಲ. ಕಾಗದ ತಂದ ಹುಡುಗಿ ಚೀಸ್ ಬಿಸ್ಕತ್ತು ತಿನ್ನುತ್ತಿದ್ದಳು, ಕೊನೆಯ ಹಾಳೆಯ ಮೇಲೆ ಅದರ ಪುಡಿ ಬಿದ್ದಿತ್ತು. ಆರ್ಲೀನ್ ಪುಡಿ ಒರೆಸಿ, ಓದಿ, ಸಹಿ ಹಾಕಿದಳು. ರಾತ್ರಿ ಊಟಕ್ಕೆ ಬೇಯಿಸಿದ ಬೀನ್ಸು, ಜೋಳದ ಬ್ರೆಡ್ಡು, ಎರಡೂ ತಣ್ಣಗಿದ್ದವು. ಮಿಸ್ ವೈಥ್ ಪ್ರತಿಯೊಂದಕ್ಕೂ ಹೆಮ್ಮೆಯಿಂದ ತಲೆದೂಗಿದಳು.

"ಊಟ ಆದ್ಮೇಲೆ ಒಬ್ಳು ಬಂದು ನನ್ನ ಗಂಟೆ ವೈರು ಸುತ್ತಿ ದೀಪದ ಮೇಲೆ ಹಾಕಿದ್ಲು."

"ಸಾಕು ಮೇಡಂ, ಇಷ್ಟು ಸಾಕು."

"ದಿನ ಇನ್ನೂ ಮುಗಿದಿಲ್ಲಮ್ಮಾ. ಆಮೇಲೆ ಮೊಜೆಲ್‌ದೂ ಸುತ್ತಿದ್ಲು. ಮಾತು ಬರದೋರಿಗೆ ಗಂಟೆ ಯಾಕೆ ಅಂತ ನಗ್ತಾ."

ಬೆಂಚುಗಳಲ್ಲಿ ನಗು ನಿಂತಿತು. ಇದು ಅರ್ಜಿಗೆ ಸಂಬಂಧಪಟ್ಟದ್ದಲ್ಲ, ಕಡತದಿಂದ ತೆಗೆಯಬೇಕು ಎಂದಳು ಮಿಸ್ ವೈಥ್. ವಿವರ ಕೇಳಿದ್ದು ನೀವೇ ಅಲ್ಲವೇ ಎಂದ ಜಡ್ಜ್. ಅವನ ಕಣ್ಣು ಆರ್ಲೀನ್‌ಳನ್ನು ಬಿಟ್ಟಿರಲಿಲ್ಲ. ಅವನ ತಾಯಿಯೂ ಡವ್ ನಾಬ್‌ನಲ್ಲಿದ್ದಳು. ಹಾಗಾದರೆ ಅವನು ಈ ಕೇಸನ್ನು ಬಿಟ್ಟುಕೊಡಬೇಕಿತ್ತಲ್ಲ ಎಂದು ಕೇಳಬಹುದು. ಅಲ್ಲಿ ಸಂಬಂಧಿಕರಿರುವವರೆಲ್ಲ ಹಿಂದೆ ಸರಿದರೆ ಹ್ಯಾಡ್ಲಿ ಕೌಂಟಿಯ ಕೋರ್ಟಿನಲ್ಲಿ ಕುರ್ಚಿಗಳಷ್ಟೇ ಉಳಿಯುತ್ತಿದ್ದವು.

"ನಿಮ್ಮ ಕೋಣೇಲಿ ಮಾತ್ರಾನಾ?" ಜಡ್ಜ್ ಮೆಲ್ಲಗೆ ಕೇಳಿದ.

"ಮಹಾಸ್ವಾಮಿ, ನನ್ನ ಆಕ್ಷೇಪಣೆ ಇದೆ," ಎಂದಳು ಮಿಸ್ ವೈಥ್.

"ಸಾಕ್ಷಿಯ ಜ್ಞಾಪಕಶಕ್ತಿ ಪರೀಕ್ಷೆ ಮಾಡ್ತಾ ಇದೀನಿ. ಕೂತ್ಕೊಳಿ."

ಬೀಳುವ ಮುಂಚೆ ಆರ್ಲೀನ್ ದಿನವೂ ವಾಕರ್ ಹಿಡಿದು ಡವ್ ನಾಬ್‌ನ ಪಡಸಾಲೆಯಲ್ಲಿ ಓಡಾಡುತ್ತಿದ್ದಳು. ಈಗ ಪರೀಕ್ಷೆಗೆ ಬಂದವರಿಗೆ ದಾರಿ ಹೇಳುವ ಅದೇ ಹಳೆಯ ದನಿಯಲ್ಲಿ ಹೇಳುತ್ತಾ ಹೋದಳು. ಎಡಕ್ಕೆ ತಿರುಗಿದರೆ ಮೊದಲ ಕೋಣೆ, ಪಾದ್ರಿಯ ತಾಯಿ, ವೈರು ದೀಪದ ಮೇಲೆ. ಅದರ ಎದುರು ಶೆರಿಫ್‌ನ ಅತ್ತೆ, ವೈರು ಮಂಚದ ಹಿಂದೆ, ಕೈಗೆಟುಕದು. ನೇರಕ್ಕೆ ಹೋದರೆ ಔಷಧಿ ಅಂಗಡಿಯವನ ಅಪ್ಪ, ಗುಂಡಿ ಇದೆ, ಒತ್ತಿದರೆ ಗಂಟೆ ಹೊಡೆಯದು. ಒಂದೊಂದು ಹೆಸರು ಬಂದಾಗಲೂ ಒಬ್ಬೊಬ್ಬರು ಎದ್ದರು. ಟೋಪಿ ತೆಗೆದುಕೊಂಡು ಬಾಗಿಲ ಕಡೆ ನಡೆದರು. ಬಾಗಿಲು ಕಾಯುತ್ತಿದ್ದ ಜವಾನನೂ ಹೋದ.

"ಕೊನೇ ಕೋಣೆ, ಕಿಟಕಿ ಪಕ್ಕದ ಮಂಚ. ನಿಮ್ಮ ಅಮ್ಮ, ಜಡ್ಜ್ ಸಾಹೇಬ್ರೇ. ಅವ್ರಿಗೆ ವೈರೇ ಇರ್ಲಿಲ್ಲ. ಚಮಚದಲ್ಲಿ ಮಂಚದ ಕಂಬಿ ಬಡೀತಿದ್ರು."

ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಆಮೇಲೆ ಚಮಚಾನೂ ಕಿತ್ಕೊಂಡ್ರು."

ಜಡ್ಜ್ ಎದ್ದು ನಿಂತೇ ತೀರ್ಪು ಹೇಳಿದ. ಸಾಕ್ಷಿಯ ಬುದ್ಧಿ ಆ ದಿನವೂ ನೆಟ್ಟಗಿತ್ತು, ಈ ದಿನವೂ ನೆಟ್ಟಗಿದೆ. ಕರಾರು ಊರ್ಜಿತ. ಮೊಕದ್ದಮೆ ಮಧ್ಯಸ್ಥನ ಬಳಿಗೆ ಹೋಗತಕ್ಕದ್ದು. ಕೊನೆಯ ಮಾತು ಮುಗಿಯುವ ಹೊತ್ತಿಗೆ ಅವನ ಕರಿ ನಿಲುವಂಗಿ ಕುರ್ಚಿಯ ಮೇಲಿತ್ತು, ಅವನಿರಲಿಲ್ಲ. ಗೆದ್ದ ಮಿಸ್ ವೈಥ್ ಖಾಲಿ ಬೆಂಚುಗಳ ಮುಂದೆ ಕಾಗದ ಜೋಡಿಸುತ್ತಾ ನಿಂತಿದ್ದಳು.

"ಸೋತ್ವಿ, ಮಿಸ್ ಆರ್ಲೀನ್," ಎಂದ ರಾಂಡಲ್. "ನೆನಪಿಲ್ಲ ಅನ್ನೋಕೆ ಅಷ್ಟೊಂದು ಕಷ್ಟ ಆಯ್ತಾ?"

"ನಿನ್ನ ಫಲಕದಲ್ಲಿ ಅಮ್ಮಂದಿರ ಪರವಾಗಿ ಮಾತಾಡ್ತೀನಿ ಅಂತ ಬರ್ಕೊಂಡಿದ್ದೀಯಲ್ಲ. ಇವತ್ತು ನಾನೇ ಮಾತಾಡಿದೆ, ನಿನಗೆ ಒಂದು ಕೆಲಸ ಕಮ್ಮಿ ಆಯ್ತು. ಕಿಟಕಿ ಹತ್ರ ತಳ್ಳು."

ಕೆಳಗೆ ಬೀದಿಯಲ್ಲಿ ಗಾಡಿಗಳು ಒಂದರ ಹಿಂದೊಂದು ಡವ್ ನಾಬ್ ರಸ್ತೆಗೆ ತಿರುಗುತ್ತಿದ್ದವು. ಯಾರೂ ಸಿಗ್ನಲ್ ಹಾಕುತ್ತಿರಲಿಲ್ಲ. ಎರಡು ಕಾರುಗಳ ನಡುವಿನಿಂದ ಜಡ್ಜ್ ಹಿಂದಕ್ಕೆ ತೆಗೆದ ಪಿಕಪ್ ಗಾಡಿ ಮಿಸ್ ವೈಥ್‌ಳ ಬೆಳ್ಳಿ ಬಣ್ಣದ ಕಾರಿಗೆ ಗುದ್ದಿತು. ಅವನು ಇಳಿದು ನೋಡಲಿಲ್ಲ. ಆರ್ಲೀನ್‌ಳ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಮತ್ತೆ ಮುಚ್ಚಿತು.

ಲೆಕ್ಸಿಂಗ್ಟನ್ನಿನ ಕೋಣೆಯಲ್ಲಿ ಮುಂದೆ ಏನಾಯಿತೆಂದು ಬರೆಯುವಂತಿಲ್ಲ. ಬಾಗಿಲು ಮುಚ್ಚಿತ್ತು. ಡವ್ ನಾಬ್‌ನವರು ಮಾತ್ರ ಪತ್ರಿಕೆಗೆ ಹೇಳಿಕೆ ಕೊಟ್ಟರು. ಗಂಟೆಗಳು ಮೊದಲಿನಿಂದಲೂ ರೋಗಿಗಳ ಕೈಯಲ್ಲೇ ಇವೆ ಎಂದರು. ಆ ಹೊತ್ತಿಗೆ ಹೋಗಿ ನೋಡಿದವರು ಅದನ್ನು ಸುಳ್ಳೆನ್ನುವಂತಿರಲಿಲ್ಲ, ಏಕೆಂದರೆ ಸೋಮವಾರ ಮಧ್ಯಾಹ್ನದಿಂದ ಅವು ಕೈಯಲ್ಲೇ ಇದ್ದವು.

ವಾರ ಕಳೆದು ಅಣ್ಣನ ಮಗಳು ಮತ್ತೆ ಹೂವು ಕೊಟ್ಟು ಬಂದಳು. ಮೊಜೆಲ್‌ಳ ವೈರನ್ನು ದಿಂಬಿಗೆ ಪಿನ್ನು ಹಾಕಿ ಕಟ್ಟಿದ್ದಾರಂತೆ. ಅವಳು ಗಳಿಗೆಗೊಮ್ಮೆ ಗುಂಡಿ ಒತ್ತುತ್ತಾಳಂತೆ. ಯಾರಾದರೂ ಓಡಿ ಬಂದು ಏನು ಬೇಕೆಂದು ಕೇಳಿದರೆ ಏನೂ ಬೇಡವೆಂದು ತಲೆಯಾಡಿಸುತ್ತಾಳಂತೆ. ಕೆಲಸದವರಿಗೆ ಸಾಕುಸಾಕಾಗಿದೆ, ಅವಳಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದಾರಂತೆ.

"ತಲೆ ಸರಿಯಾಗೇ ಇದೆ," ಎಂದಳು ಆರ್ಲೀನ್. "ಬ್ರೇಕ್ ಹಿಡಿಯುತ್ತಾ ಅಂತ ನೋಡ್ತಿದಾಳೆ."