ಎಡಗೈ ಮಡಿಕೆ

ಕೆನ್ನೆಗೆ ಬಿದ್ದ ಏಟಿಗೆ ಹುಡುಗಿಯ ಕನ್ನಡಕ ಹಾರಿ ಅಂಟಿನ ಡಬ್ಬಿಯೊಳಗೆ ಬಿತ್ತು. ಎರಡನೆಯ ಏಟಿಗೆ ಮೂಗಿನಿಂದ ರಕ್ತ ಬಂತು. ಹೊಡೆದವನು ಅವಳ ದೊಡ್ಡಪ್ಪ, ಈ ಪುಸ್ತಕ ಕಟ್ಟುವ ಅಂಗಡಿಯ ಯಜಮಾನ. ಅಚ್ಚಿನ ಮನೆಯಿಂದ ಆಗಷ್ಟೇ ಬಂದಿದ್ದ ಹಾಳೆಯೊಂದನ್ನು ಅವಳ ಮುಖಕ್ಕೆ ಹಿಡಿದ.

"ಮಕ್ಕಳ ಪುಸ್ತಕ ಬರಿ ಅಂದ್ರೆ ಮನೆ ಮಾನ ಬೀದಿಗೆ ತಂದಿದ್ದೀಯಲ್ಲೇ."

ಬರಿ ಎಂದವನು ಅವನೇ. ಆ ಮನೆಯಲ್ಲಿ ಉಣ್ಣುವುದು, ಬರೆಯುವುದು ಎಲ್ಲ ಬಲಗೈಯಲ್ಲಿ. ಹಾಳೆ ಮಡಿಸುವುದು ಮಾತ್ರ ಎಡಗೈಯಲ್ಲಿ. ಅದು ನಮ್ಮ ವಂಶದ ವಿದ್ಯೆ ಎಂದು ಗಿರಾಕಿಗಳೆದುರು ಅವನು ಮೀಸೆ ತಿರುವಿದ್ದೇ ತಿರುವಿದ್ದು. ಅದನ್ನೇ ಚಿತ್ರಗಳ ಕಥೆಪುಸ್ತಕ ಮಾಡು, ಮುಂದಿನ ಮಕ್ಕಳಿಗೂ ಗೊತ್ತಾಗಲಿ ಎಂದಿದ್ದ. ಕರಡು ಓದುವ ತಾಳ್ಮೆ ಅವನಿಗೆಲ್ಲಿ? ಹುಡುಗಿಯೋ, ಇದು ಶುರುವಾದದ್ದು ಹೇಗೆ ಎಂದು ಅಜ್ಜಿಯನ್ನೇ ಕೇಳಿದ್ದಳು.

ಅವನು ಹಿಡಿದಿದ್ದ ಆ ಹಾಳೆಯ ಹನ್ನೆರಡನೆಯ ಪುಟದಲ್ಲಿ ಅಜ್ಜಿಯ ಉತ್ತರವಿತ್ತು. ತಾತ ಸುತ್ತಿಗೆ ಎತ್ತಿದ್ದಾನೆ. ಅಜ್ಜಿಯ ಬಲಗೈ ಅಂಗಡಿಯ ತಟ್ಟುಗಲ್ಲಿನ ಮೇಲಿದೆ. ಒಂದೇ ಒಂದು ಮಡಿಕೆಯ ಅಂಚು ಸರಿಯಾಗಿ ಕೂಡದಿದ್ದುದಕ್ಕೆ ಆ ಶಿಕ್ಷೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಉಳಿದ ಎಡಗೈಯಲ್ಲೇ ಅವಳು ಮಕ್ಕಳಿಗೆ ಮಡಿಕೆ ಕಲಿಸಿದಳು, ಅವರು ನೋಡಿದಂತೆಯೇ ಕಲಿತರು.

"ಅಮ್ಮ ಮೆಟ್ಟಿಲಿಂದ ಬಿದ್ದಿದ್ದು. ಊರಿಗೆಲ್ಲ ಗೊತ್ತು," ಎಂದ ದೊಡ್ಡಪ್ಪ, ಪುಸ್ತಕದ ಬೆನ್ನು ತಟ್ಟುವ ಸುತ್ತಿಗೆಯನ್ನು ಗೋಡೆಯ ಮೊಳೆಯಿಂದ ಕಿತ್ತುಕೊಂಡು. "ಈ ಪುಟದ ಹಾಳೆ ಅಷ್ಟನ್ನೂ ಒಲೆಗೆ ಹಾಕು. ಇಲ್ಲಾಂದ್ರೆ ಬರೆದ ಕೈ ಇಡು ಇಲ್ಲಿ."

"ಹಾಕಲ್ಲ ದೊಡ್ಡಪ್ಪ."

ಅವನು ಅವಳ ಮಣಿಕಟ್ಟು ಹಿಡಿದು ತಿರುಚಿ, ಅಂಗೈಯನ್ನು ಕಲ್ಲಿಗೆ ಒತ್ತಿದ. ಅವಳು ಕಿರುಚಿಕೊಂಡಳು. ಸುತ್ತಿಗೆ ಮೇಲೆದ್ದಿತು. ಮೂಲೆಯಲ್ಲಿ ಹಾಳೆ ಜೋಡಿಸುತ್ತಿದ್ದ ಅಜ್ಜಿ ಎದ್ದು ಬಂದು ಮೊಮ್ಮಗಳ ಬೆರಳುಗಳ ಮೇಲೆ ತನ್ನ ಎಡಗೈ ಇಟ್ಟಳು.

"ಹೊಡಿಯಪ್ಪ. ನಂಗೆ ಉಳಿದಿರೋದೂ ಇದೊಂದೇ."

"ಕೈ ತೆಗಿಯಮ್ಮ."

ಅಜ್ಜಿ ತೆಗೆಯಲಿಲ್ಲ. ಸುತ್ತಿಗೆ ಇಳಿಯಿತು. ಕಲ್ಲಿನ ಅಂಚು ಒಡೆದು ಚೂರೊಂದು ಅಜ್ಜಿಯ ಗಲ್ಲವನ್ನು ಸೀಳಿತು. ಏಟು ಬಿದ್ದದ್ದು ಕೈಯಿಂದ ಒಂದು ಬೆರಳಿನಷ್ಟು ದೂರ.

ಅಜ್ಜಿ ಸೆರಗಿನಿಂದ ರಕ್ತ ಒರೆಸಿಕೊಂಡಳು. "ನಿಮ್ಮಪ್ಪಂಗೆ ಗುರಿ ತಪ್ಪಿರಲಿಲ್ಲ," ಎಂದಳು.

ದೊಡ್ಡಪ್ಪ ಅಲ್ಲೇ ಮಣೆಯ ಮೇಲೆ ಕುಸಿದ. ಹುಡುಗಿ ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಅಳುತ್ತಿದ್ದಳು. ಅಜ್ಜಿ ಹಾಳೆಗಳ ಕಟ್ಟನ್ನು ಮಗನ ಮುಂದೆ ತಳ್ಳಿದಳು.

"ಐನೂರಿದೆ. ಅವಳ ಕೈಲಿ ಇವತ್ತು ಆಗಲ್ಲ. ನೀನೇ ಮಡಿಸು."

ಅವನ ಬಲ ಮುಷ್ಟಿ ಸುತ್ತಿಗೆಯ ಹಿಡಿ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಎಡಗೈ ಮುಂದೆ ಬಂತು. ಹನ್ನೆರಡನೆಯ ಪುಟವನ್ನು ಎಳೆದುಕೊಂಡು ಮಡಿಸಿತು. ಅಂಚಿಗೆ ಅಂಚು ಕೂಡಿತ್ತು.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ಹಾಳೆಯನ್ನು ಅವನತ್ತ ಸರಿಸಿದಳು.