ಸೂತಕದ ಮನೆಯ ರೇಷ್ಮೆಹುಳು

ತಮ್ಮ ಬೋರಲಿಂಗ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ಸುದ್ದಿ ಬಂದ ದಿನವೇ ಅವನ ರೇಷ್ಮೆಹುಳುಗಳು ಹಣ್ಣಾಗಿದ್ದವು. "ಪಾಂಡವಪುರ ಬೆಳೀತಾ ಅದೆ ಕಣಣ್ಣ, ಇನ್ನೂ ರಾಗಿ ನೆಚ್ಕಂಡ್ರೆ ಆಯ್ತದಾ?" ಎಂದು ಹೊಲಕ್ಕೆಲ್ಲ ಹಿಪ್ಪುನೇರಳೆ ಹಾಕಿ ಸಾಕಿದ ಮೊದಲ ಹುಳುಗಳವು. ಗೂಡು ಕಟ್ಟಲು ಅಂದೇ ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು.

ಅವನ ಹೆಂಡತಿ ಚಿಕ್ಕಬೋರಮ್ಮ ಅಳುತ್ತಲೇ ಎದ್ದಳು. "ನಾನೇ ಬುಡ್ತೀನಿ ಭಾವ."

"ಸೂತಕದ ಕೈಲಿ ಹುಳ ಮುಟ್ಬ್ಯಾಡ ಕಣವ್ವ" ಎಂದು ತಡೆದವನು ನಾನೇ. ಊರಿನವರೆಲ್ಲ ನಮ್ಮ ದಾಯಾದಿಗಳು, ಎಲ್ಲರಿಗೂ ಸೂತಕ. ಯಾರೂ ಮುಟ್ಟಲಿಲ್ಲ.

ಮಣ್ಣು ಮಾಡಿ ಬರುವಷ್ಟರಲ್ಲಿ ಹುಳುಗಳು ಸಾಕುವ ತಟ್ಟೆಯ ಎಲೆಕಸದಲ್ಲೇ ನೂಲು ಸುತ್ತಿಕೊಂಡು ಕೆಟ್ಟಿದ್ದವು. ತಿಥಿ ಕಳೆದ ಮೇಲೆ ಚಿಕ್ಕಬೋರಮ್ಮ ಇನ್ನು ಹುಳುವೇ ಬೇಡವೆಂದು ಹಿಪ್ಪುನೇರಳೆಯನ್ನೆಲ್ಲ ಕೀಳಿಸಿದಳು.

ಕರಿಘಟ್ಟದ ಸ್ವಾಮೀ, ನಾನು ಶಾಸ್ತ್ರ ಕಾಯ್ದೆನೋ, ತಮ್ಮನ ಆಸೆಯನ್ನು ಕೊಂದೆನೋ ತಿಳಿಯದು. ಅವನ ಆತ್ಮಕ್ಕೆ ನೆಮ್ಮದಿ ಕೊಡು.