ಬರೆಯುತ್ತಿದೆ, ಕೀ ಮುಟ್ಟಬೇಡಿ

ನಾನು ಪುಕ್ಕಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಕೆಲಸ ಹೊಲಿಗೆಯದು, ಗಿರಾಕಿಯ ಬಟ್ಟೆಗೆ ಕತ್ತರಿ ಹಾಕುವಾಗ ಇಂದಿಗೂ ಉಸಿರು ಬಿಗಿಹಿಡಿಯುತ್ತೇನೆ. ನನ್ನ ಹೆಂಡತಿ ಇದಕ್ಕೆ ತದ್ವಿರುದ್ಧ. ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾಳೆ. ಈಚೆಗೆ ಅವಳಿಗೆ ಎಂಜಿನ್ನಿನ ಕಂಪ್ಯೂಟರ್ ತಿದ್ದುವುದನ್ನು ಕಲಿಯುವ ಹುಚ್ಚು ಹತ್ತಿತ್ತು. ಪೆಟ್ರೋಲು ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು, ಎಲ್ಲ ಆ ಪುಟ್ಟ ಡಬ್ಬಿಯೊಳಗೆ ಬರೆದಿರುತ್ತದಂತೆ. ಗಿರಾಕಿಗಳ ಗಾಡಿಯ ಮೇಲೆ ಕೈ ಪಳಗಿಸಲು ಗ್ಯಾರೇಜಿನ ಮಾಲೀಕರು ಬಿಡುವುದಿಲ್ಲ. ಅದಕ್ಕೇ ನಮಗೊಂದು ಸೋವಿಯ ಹಳೇ ಕಾರು ಬೇಕಾಗಿತ್ತು.

ಎರಡು ಕಾರು ನೋಡಿ ಬಿಟ್ಟೆವು. ಮೊದಲನೆಯದರ ಕಂಪ್ಯೂಟರನ್ನು ಪೂರ್ತಿ ಬಿಚ್ಚದೆ ಓದಲು ಬರುತ್ತಿರಲಿಲ್ಲ. ಇನ್ನೊಂದರಲ್ಲಿ ಎಂಜಿನ್ನಿನ ದೋಷಗಳ ದಾಖಲೆಯನ್ನೆಲ್ಲ ಅದೇ ಬೆಳಿಗ್ಗೆ ಯಾರೋ ಅಳಿಸಿಹಾಕಿದ್ದರು; ನನ್ನವಳು ಅದನ್ನು ಕಂಡವಳೇ ಮಾರುವವನ ಮುಖವನ್ನೊಮ್ಮೆ ನೋಡಿ ಎದ್ದು ಬಂದಳು. ಮೂರನೆಯದು ಒಬ್ಬ ಬಸ್ ಡ್ರೈವರಿನದು. ಬಾಗಿಲಿನಷ್ಟು ಅಗಲದ ಆಳು, ಮುಂಗೈ ನನ್ನ ತೊಡೆಯಷ್ಟು. ತುಂಬು ಗರ್ಭಿಣಿ ಮಗಳು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ ನಕ್ಕು ಒಳಗೆ ಹೋದಳು.

"ಮಗಳ ಹೆರಿಗೆ ಆಗೋವರ್ಗೂ ಗಾಡಿ ಇಲ್ಲೇ ಇರ್ಲಿ ತಾಯಿ, ಆಮೇಲೆ ತಗೊಂಡು ಹೋಗಿ. ಈಗ ಏನು ನೋಡ್ಬೇಕೋ ಎಲ್ಲ ನೋಡ್ಕೊಳ್ಳಿ," ಎಂದು ನನ್ನ ಕೈಗೆ ಕೀ ಕೊಟ್ಟು ಆತನೂ ಒಳಗೆ ಹೋದರು.

ನಾನು ಸ್ಟೇರಿಂಗಿನ ಮುಂದೆ ಕೂತೆ. ಪಕ್ಕದ ಸೀಟಿನಲ್ಲಿ ಅವಳು, ತೊಡೆಯ ಮೇಲೆ ಲ್ಯಾಪ್‌ಟಾಪು. ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿಸಿದಳು. ಕಂಪ್ಯೂಟರು ಸಲೀಸಾಗಿ ಓದಿಸಿಕೊಂಡಿತು. ಅಲ್ಲಿಗೇ ಬಿಡಬಹುದಿತ್ತು.

"ಓದಿದ್ರೆ ಸಾಲದು ರೀ. ಕೆಲವು ಓದಕ್ಕೆ ಬಿಡ್ತವೆ, ಬರೆಯಕ್ಕೆ ಬಿಡಲ್ಲ. ತಗೊಂಡ್ಮೇಲೆ ಗೊತ್ತಾದ್ರೆ ಏನ್ಮಾಡೋದು? ಈಗ ಓದಿದ ಇದರ ಫೈಲನ್ನೇ ಇದಕ್ಕೆ ವಾಪಸ್ ಬರೆದು ನೋಡ್ತೀನಿ."

"ಅವರನ್ನ ಒಂದು ಮಾತು ಕೇಳೋದು ಬೇಡ್ವಾ?"

"ಏನಂತ ಕೇಳ್ಲಿ? ಅರ್ಥ ಆಗಲ್ಲ, ಸುಮ್ಮನೆ ಗಾಬರಿ ಬೀಳ್ತಾರೆ. ಒಂದಕ್ಷರಾನೂ ಬದಲಾಗಲ್ಲ ಕಣ್ರೀ." ಬಟನ್ ಒತ್ತಿಯೇಬಿಟ್ಟಳು. ಆಮೇಲೆ ಹೇಳಿದಳು, "ಇದು ಮುಗಿಯೋವರ್ಗೂ ಕೀ ಮುಟ್ಟಬೇಡಿ. ಮಧ್ಯದಲ್ಲಿ ಆಫ್ ಆದ್ರೆ ಬರೆದದ್ದು ಅರ್ಧಕ್ಕೇ ನಿಲ್ಲತ್ತೆ. ಗಾಡಿ ಸ್ಟಾರ್ಟೇ ಆಗಲ್ಲ."

"ಇದನ್ನ ಒತ್ತೋಕ್ಮುಂಚೆ ಹೇಳ್ಬಾರ್ದಿತ್ತೇನೇ!"

ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ಹರಿಯತೊಡಗಿತು. ಅದು ಕಾಲುಭಾಗ ದಾಟಿರಬೇಕು, ಮನೆಯೊಳಗಿಂದ ಹೆಣ್ಣಿನ ಚೀರು ಕೇಳಿತು. ಡ್ರೈವರು ಬರಿಗಾಲಲ್ಲಿ ಓಡಿ ಬಂದರು. "ಇಳೀರಿ, ಇಳೀರಿ! ಮಗಳಿಗೆ ನೀರು ಹೋಗ್ತಾ ಇದೆ, ಆಸ್ಪತ್ರೆಗೆ ಹೋಗ್ಬೇಕು!"

ನನಗೆ ಏನಾಯಿತೋ ಗೊತ್ತಿಲ್ಲ. ಬಾಗಿಲಿನ ಲಾಕ್ ಒತ್ತಿದೆ.

ಬಸುರಿಯೊಬ್ಬಳು ಗೋಡೆ ಹಿಡಿದು ನಿಂತಿರುವಾಗ ಅವಳಪ್ಪನ ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂತ ಗಂಡಸನ್ನು ಜನ ಏನೆಂದುಕೊಳ್ಳಬೇಕು? ಆತ ಗಾಜಿಗೆ ಗುದ್ದಿದರು. ಇಡೀ ಕಾರು ಅಲುಗಿತು. ಎರಡೂ ಕೈಯಲ್ಲಿ ಕೀಯನ್ನು ಮುಚ್ಚಿ ಹಿಡಿದೆ. ಹಿಡಿದ ಕೈಯೇ ನಡುಗಿ ಎಲ್ಲಿ ಅದನ್ನು ತಿರುಗಿಸಿಬಿಡುತ್ತದೋ ಎಂಬ ಭಯ ಬೇರೆ.

ನನ್ನವಳು ತನ್ನ ಕಡೆಯ ಗಾಜನ್ನು ಒಂದು ಗೇಣು ಇಳಿಸಿ ಕೂಗಿದಳು. "ಅಣ್ಣಾ, ಗಾಡಿ ಕಂಪ್ಯೂಟರಿಗೆ ಬರೀತಾ ಇದೀನಿ. ಈಗ ಕೀ ತಿರುಗಿಸಿದ್ರೆ ಗಾಡಿ ಇಲ್ಲೇ ನಿಂತುಹೋಗತ್ತೆ. ಇನ್ನು ಸ್ವಲ್ಪಾನೇ ಇದೆ. ಅಷ್ಟರಲ್ಲಿ ಬೇರೆ ಯಾವ್ದಾದ್ರೂ ಗಾಡಿ ಕರೀರಿ!"

"ನನ್ನ ಗಾಡಿ ನನ್ನ ಬಾಗಿಲಲ್ಲೇ ಇದ್ಕೊಂಡು ಇನ್ಯಾವ ಗಾಡಿ ಕರೀಲಿ!"

ಆತ ಅಂಗಳದಲ್ಲಿದ್ದ ಕಲ್ಲೊಂದನ್ನು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿದೆ. ಗಾಜು ಒಡೆಯಲಿಲ್ಲ. ಕಣ್ಣು ತೆರೆದರೆ ಮಗಳು ಅಪ್ಪನ ತೋಳು ಹಿಡಿದು ನಿಂತಿದ್ದಳು, ತುಟಿ ಕಚ್ಚಿಕೊಂಡು. "ಅಪ್ಪಾ, ಅವರು ನನಗಿಂತ ಜಾಸ್ತಿ ನಡುಗ್ತಿದಾರೆ. ಸುಳ್ಳು ಹೇಳ್ತಿಲ್ಲ ಅನ್ಸತ್ತೆ. ಹಿಂದೆ ಕೂರಿಸು ನನ್ನ."

ಹಿಂದಿನ ಬಾಗಿಲು ತೆರೆದುಕೊಟ್ಟೆ. ಅವಳು ಒರಗಿಕೊಂಡಳು. ಅವಳ ಒಂದೊಂದು ನರಳಿಕೆಗೂ ನನ್ನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಡ್ರೈವರು ಕಲ್ಲು ಕೆಳಗೆ ಹಾಕಿರಲಿಲ್ಲ. ಪಟ್ಟಿ ಒಂದು ಕಡೆ ನಿಂತುಬಿಟ್ಟಿತು. ನನ್ನವಳ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೇ ಮೊದಲು, ಮತ್ತು ಅದನ್ನು ಕಂಡ ಮೇಲೆ ನನಗೆ ಧೈರ್ಯಕ್ಕೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಆಮೇಲೆ ಪಟ್ಟಿ ಮತ್ತೆ ಹರಿದು ತುಂಬಿತು.

"ಆಫ್ ಮಾಡಿ. ತಡೀರಿ. ಈಗ ಆನ್. ಸ್ಟಾರ್ಟ್!"

ಎಂಜಿನ್ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಎರಡನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಡ್ರೈವರು ನನ್ನ ಕೊರಳಪಟ್ಟಿ ಹಿಡಿದು ಹೊರಗೆಳೆದು ತಾವು ಕೂತರು. ನನ್ನವಳು ವೈರು ಕಿತ್ತುಕೊಂಡು ಆ ಕಡೆಯಿಂದ ಹೊರಗೆ ಹಾರಿದಳು. ಕಾರು ಹೋಯಿತು.

ನಮಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಗೇಟಿನ ಹತ್ತಿರವೇ ಕೂತೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ಕಾರು ವಾಪಸು ಬಂತು. ಡ್ರೈವರು ಇಳಿದು, ನಮ್ಮನ್ನು ಅಲ್ಲಿ ಕಂಡು ಬೆಚ್ಚಿದರು.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ," ಎಂದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತರು. "ಹೊಕ್ಕುಳಬಳ್ಳಿ ಕತ್ತಿಗೆ ಸುತ್ಕೊಂಡಿತ್ತಂತೆ. ಇನ್ನೊಂದು ಸ್ವಲ್ಪ ತಡ ಆಗಿದ್ರೆ ಅಂತ ಹೇಳೋಕೆ ಹೋಗಿ ಡಾಕ್ಟರು ಸುಮ್ಮನಾದ್ರು."

ನನ್ನವಳು ಅಳತೊಡಗಿದಳು. ಆತ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈ ಗಾಡಿ ನಿಮಗೆ ಕೊಡಲ್ಲ ತಾಯಿ," ಎಂದರು. "ನಿಮಗೆ ಕೆಲಸ ಬರತ್ತೆ, ನಾನೇ ನೋಡ್ದೆ. ಆದ್ರೆ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ, ಅಲ್ವಾ?"

"ಹೂಂ ಅಣ್ಣಾ," ಎಂದಳು ನನ್ನವಳು.